ಬಲಗಣ್ಣಿಗೆ ಕಾಣದ ಮೂಗುಬೊಟ್ಟು

ನಮ್ಮ ಅಡುಗೆಮನೆಯಲ್ಲಿ ಐದು ಲೀಟರಿನ ಒಂದು ಕುಕ್ಕರ್ ಇದೆ. ಅಂಗಡಿಯಲ್ಲಿ ಅದಕ್ಕೆ ಎರಡೂವರೆ ಸಾವಿರ ಹೇಳುತ್ತಾರೆ. ನಾನು ಹೋಗಿ, ಬೇಡ ಬಿಡಿ ಎಂದು ಮೆಟ್ಟಿಲಿಳಿದರೆ ಹಿಂದಿನಿಂದ ಕೂಗಿ ಎರಡು ಸಾವಿರಕ್ಕೆ ಕೊಡುತ್ತಾರೆ. ನಮಗೆ ಅದು ಪುಕ್ಕಟೆ ಬಂದದ್ದು, ಪಾರಿವಾಳದ ಪಂದ್ಯದಲ್ಲಿ ಮೂರನೇ ಬಹುಮಾನವಾಗಿ. ಪುಕ್ಕಟೆ ಎನ್ನುವುದು ಯಜಮಾನರ ಮಾತು. ನನ್ನನ್ನು ಕೇಳಿದರೆ, ಅದಕ್ಕೆ ನಾವು ಕೊಟ್ಟದ್ದು ಅವರ ಬಲಗಣ್ಣಿನ ನಟ್ಟನಡುವಿನ ಬೆಳಕು. ಕಣ್ಣಿನೊಳಗೆ ಅದು ಸಾಸಿವೆ ಕಾಳಿಗಿಂತ ಚಿಕ್ಕ ಜಾಗವಂತೆ. ಆದರೆ ಅವರು ಯಾರ ಮುಖವನ್ನಾದರೂ ನೋಡುವುದು ಆ ಜಾಗದಿಂದಲೇ. ನನ್ನದನ್ನೂ.

ಯಾಕೆ ಕೊಟ್ಟೆವು ಎಂದರೆ, ಒಂದು ಹಕ್ಕಿ ಸೂರ್ಯನ ಪಕ್ಕಕ್ಕೆ ಹೋಗಿ ಮರೆಯಾಯಿತು, ಅದನ್ನು ಹುಡುಕಬೇಕಾಗಿತ್ತು. ಅಷ್ಟೇ ಕಾರಣ. ಉಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಬ್ಲೌಸ್ ಪೀಸುಗಳನ್ನು ಚೀಲದಲ್ಲಿ ತುಂಬಿಕೊಂಡು ವಿದ್ಯಾರಣ್ಯಪುರದ ಮನೆಮನೆಗೆ ಹೋಗಿ ಮಾರುತ್ತಿದ್ದವಳು ನಾನು. ಗೇಟಿನಿಂದ ಒಳಗೆ ಬಿಡದ ಮನೆಯಲ್ಲೇ ಕೊನೆಗೆ ಕಾಫಿ ಕುಡಿದು ಎದ್ದು ಬರುವುದನ್ನು ಕಲಿತೆ. ಈಗ ಕೊಡಿಗೇಹಳ್ಳಿಯಲ್ಲಿ ನನ್ನದೇ ಒಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದು ತೋರಿಸಿದರೆ ಅದಕ್ಕೆ ಒಪ್ಪುವ ಬ್ಲೌಸ್ ಬಟ್ಟೆ, ಲೈನಿಂಗ್, ಫಾಲ್, ದಾರ ಎಲ್ಲ ಹೊಂದಿಸಿ ಕೊಡುತ್ತೇನೆ. ಯಜಮಾನರು ಇದೇ ಊರಲ್ಲಿ ಹುಟ್ಟಿ ಬೆಳೆದವರು. ಊರು ಹಳ್ಳಿಯಾಗಿದ್ದಾಗಿನ ಹೆಂಚಿನ ಮನೆ ಹೋಗಿ ಮಹಡಿ ಬಂದರೂ ಅವರ ಮಾತು ಮಾತ್ರ ಹೆಂಚಿನ ಮನೆಯದ್ದೇ. ಶಾಲೆಯ ಮಕ್ಕಳಿಗೆ ವ್ಯಾನ್ ಓಡಿಸುತ್ತಾರೆ. ಅದು ಹೊಟ್ಟೆಪಾಡು. ಪ್ರಾಣ ಇರುವುದು ಪಾರಿವಾಳಗಳ ಮೇಲೆ.

ಆ ಪ್ರಾಣದಲ್ಲಿ ಅರ್ಧ ಪಾಲು ಪಕ್ಕದ ಮನೆಯ ಭಾಯ್ ಅವರದ್ದು. ಮೊದಲು ಸೈಕಲ್ ಶಾಪ್ ಇಟ್ಟಿದ್ದರು, ಈಗ ಮನೆಯಲ್ಲೇ ಇದ್ದಾರೆ, ವಯಸ್ಸಿನಲ್ಲಿ ನಮ್ಮವರಿಗಿಂತ ಹಿರಿಯರು. ಎರಡೂ ಮನೆಯ ತಾರಸಿಗಳ ನಡುವೆ ಮೊಳಕಾಲೆತ್ತರದ ಗೋಡೆ. ಗೂಡು ನಮ್ಮ ಕಡೆ, ಕಾಳಿನ ಡ್ರಮ್ಮು ಅವರ ಕಡೆ. ಹಕ್ಕಿಗಳು ಯಾರವು ಎಂದು ನಾನು ಒಮ್ಮೆ ಕೇಳಿ ಇಬ್ಬರಿಂದಲೂ ಬೈಸಿಕೊಂಡಿದ್ದೇನೆ.

ಎತ್ತರಕ್ಕೆ ಹಾರುವ ಪಾರಿವಾಳ ಸಾಕುವವರ ಕಷ್ಟವೆಲ್ಲ ಕತ್ತಿನದು. ಬೆಳಿಗ್ಗೆ ಬಿಟ್ಟ ಹಕ್ಕಿ ಸಂಜೆಯ ತನಕ ಇಳಿಯುವುದಿಲ್ಲ. ಮೇಲೆ ಹೋದಷ್ಟೂ ಚಿಕ್ಕದಾಗುತ್ತ ಕೊನೆಗೆ ಎಳ್ಳಿನ ಕಾಳಾಗುತ್ತದೆ. ಇಡೀ ದಿನ ತಲೆಯೆತ್ತಿ ನೋಡಿದರೆ ಕತ್ತು ಮುರಿದೇ ಹೋಗುತ್ತದೆ. ಅದಕ್ಕೆ ಇವರು ಅಗಲವಾದ ಟಬ್ಬಿನಲ್ಲಿ ನೀರು ತುಂಬಿಸಿಟ್ಟು, ಅದರ ಪಕ್ಕ ಕುಳಿತು, ನೀರಿನೊಳಗೆ ಬಿದ್ದ ಆಕಾಶವನ್ನು ನೋಡುತ್ತಿದ್ದರು. ತಲೆ ಬಗ್ಗಿಸಿಕೊಂಡು ಆಕಾಶ ನೋಡುವ ಈ ಗಂಡಸರನ್ನು ಕಂಡು ಮದುವೆಯಾದ ಹೊಸತರಲ್ಲಿ ನನಗೆ ನಗು ಬರುತ್ತಿತ್ತು. ಗಾಳಿ ಬೀಸಿದರೆ ಮಾತ್ರ ನೀರು ನಡುಗಿ, ಒಂದು ಹಕ್ಕಿ ಹತ್ತಾಗುತ್ತಿತ್ತು.

ಕುಕ್ಕರ್ ಬಂದ ಬೇಸಿಗೆಯಲ್ಲಿ ಆರ್.ಟಿ. ನಗರದಲ್ಲಿದ್ದ ಭಾಯ್ ಅವರ ತಂಗಿಯ ಮಗನ ಸಲೂನು ಮುಚ್ಚಿತು. ಗೋಡೆಗೆ ಹಾಕಿದ್ದ ಆಳೆತ್ತರದ ಕನ್ನಡಿಯನ್ನು ಭಾಯ್ ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಬಂದರು. ತಾರಸಿಯ ಮೇಲೆ ಒಂದು ಕಡೆ ಇಟ್ಟಿಗೆ ಕೊಟ್ಟು ಓರೆಯಾಗಿ ಮಲಗಿಸಿದರು. ಗಾಳಿಗೆ ಅಲ್ಲಾಡದ ಆಕಾಶ. ಇಬ್ಬರೂ ಅದರ ಎರಡು ಬದಿಗೆ ಕುಳಿತು, ಚಿನ್ನದ ಗಟ್ಟಿ ಸಿಕ್ಕಿದವರ ಹಾಗೆ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಶಾಲೆಗಳಿಗೆ ರಜೆ ಬಿಟ್ಟ ಮೇಲೆ ಒಂದು ಭಾನುವಾರ ಪಂದ್ಯ. ನಿಯಮ ಸುಲಭ: ಯಾರ ಹಕ್ಕಿ ಹೆಚ್ಚು ಹೊತ್ತು ಹಾರುತ್ತದೋ ಅವರು ಗೆದ್ದಂತೆ. ಆದರೆ ಹಾರುತ್ತಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಆಗಾಗ ಕಣ್ಣಿಗೆ ಕಾಣಿಸಬೇಕು. ಬಹಳ ಹೊತ್ತು ಕಾಣದಿದ್ದರೆ ಔಟ್. ಅದನ್ನು ನೋಡಿಕೊಳ್ಳಲು ಎದುರು ಪಾರ್ಟಿಯವರು ಒಬ್ಬ ಅಂಪೈರನ್ನು ಕಳಿಸಿರುತ್ತಾರೆ. ನಮ್ಮ ತಾರಸಿಗೆ ಬಂದಿದ್ದವನು ಒಬ್ಬ ದಪ್ಪಗಿನ ಮನುಷ್ಯ, ಕಪ್ಪು ಕನ್ನಡಕ ಹಾಕಿ, ಛತ್ರಿ ಬಿಡಿಸಿ, ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ.

ನಾನು ಮಜ್ಜಿಗೆ ತೆಗೆದುಕೊಂಡು ಮೇಲೆ ಹೋದಾಗ ಬಿಸಿಲು ಏರಿತ್ತು. ಆಕಾಶದಲ್ಲಿ ಹಕ್ಕಿ ಕಾಣಲಿಲ್ಲ.

"ಎಲ್ಲಿ ರೀ ನಿಮ್ಮ ಕರಿಬಾಲ?" ಎಂದೆ. ಅವತ್ತು ಬಿಟ್ಟ ಹಕ್ಕಿಗೆ ಕಪ್ಪು ಬಾಲ, ಅದಕ್ಕೆ ಅದೇ ಹೆಸರು.

"ಸೂರ್ಯನ ಮಗ್ಗುಲಿಗೆ ಓಗೈತೆ. ಸುಮ್ನಿರು."

ಅಂಪೈರು ಮಜ್ಜಿಗೆ ಹೀರುತ್ತ, "ಕಾಣ್ತಿಲ್ಲ ಅಂದ್ರೆ ಔಟ್ ಮಾಡ್ಲಾ ಗುರು?" ಎಂದ.

"ತಡಿಯೋ ಮಾರಾಯ! ನಮ್ ಮಜ್ಜಿಗೆ ಕುಡ್ಕೊಂಡು ನಮ್ಗೇ ಔಟ್ ಕೊಡ್ತೀಯಾ?"

"ಮಜ್ಜಿಗೆ ಬೇರೆ, ರೂಲ್ಸ್ ಬೇರೆ ಗುರು."

ಯಜಮಾನರು ಕನ್ನಡಿಯ ಮೇಲೆ ಬಗ್ಗಿದ್ದರು. ಕನ್ನಡಿಯೊಳಗೆ ಸೂರ್ಯ ಇದ್ದ. ದೂರದಿಂದಲೇ ನನಗೆ ಮುಖ ತಿರುಗಿಸುವ ಹಾಗಾಯಿತು. ಅವರು ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಬಲಗಣ್ಣನ್ನು ಕಿರಿದು ಮಾಡಿ, ಆ ಬೆಳಕಿನ ಅಂಚಿನಲ್ಲೇ ಹುಡುಕುತ್ತಿದ್ದರು.

"ಕಣ್ಣು ಕೆಡುತ್ತೆ ರೀ."

"ಮೇಲ್ಕೆ ನೋಡಿದ್ರೆ ತಾನೇ ಕೆಡೋದು? ಗ್ರಹಣದಾಗೆ ನಮ್ಮಜ್ಜಿ ಅಗಲದ ತಟ್ಟೇಲಿ ಅರಿಶಿನದ ನೀರು ಮಾಡಿ ಸೂರ್ಯನ್ನ ತೋರ್ಸೋಳು. ಒಬ್ರಿಗೂ ಏನೂ ಆಗ್ಲಿಲ್ಲ. ನೀರಾಗೆ ಬಿದ್ದ ಸೂರ್ಯ ಸತ್ತ ಸೂರ್ಯ ಕಣೇ. ಇದೂ ಅಂಗೇ."

"ಹೌದಮ್ಮಾ," ಎಂದರು ಭಾಯ್, "ಕನ್ನಡೀಲಿ ಬರೋದು ಬರೀ ಫೋಟೋ."

ಇಬ್ಬರೂ ಅಷ್ಟು ನಂಬಿಕೆಯಿಂದ ಹೇಳಿದಾಗ ನನಗೂ ಇರಬಹುದು ಅನ್ನಿಸಿತು. ಗ್ರಹಣದ ತಟ್ಟೆ ನಮ್ಮ ಮನೆಯಲ್ಲೂ ಇಡುತ್ತಿದ್ದರು. ನಾನು ಲೋಟಗಳನ್ನು ಎತ್ತಿಕೊಳ್ಳುತ್ತಿದ್ದಾಗ ಅವರು "ಅಗೋ!" ಎಂದು ಕಿರುಚಿದರು. ಎಳ್ಳಿನ ಕಾಳು ಬೆಳಕಿನಿಂದ ಈಚೆ ಬಂದಿತ್ತು. ಅಂಪೈರು ಕೂಡ ಎದ್ದು ನಿಂತು ಚಪ್ಪಾಳೆ ಹೊಡೆದ. ಕರಿಬಾಲ ಇಳಿದದ್ದು ಸಂಜೆ, ಎದುರು ರಸ್ತೆಯ ದೀಪ ಹತ್ತುವ ಹೊತ್ತಿಗೆ. ಕುಕ್ಕರ್ ಹಾಗೆ ಬಂತು.

ಮಾರನೆಯ ಬೆಳಿಗ್ಗೆ. ರಜೆಯಾದ್ದರಿಂದ ವ್ಯಾನಿನ ಅವಸರವಿಲ್ಲ. ನಾನು ಟೀ ತಂದು ಮಂಚದ ಪಕ್ಕ ಕುಳಿತೆ. ಅವರು ಎಡಮಗ್ಗುಲಾಗಿ ಮಲಗಿದ್ದರು. ಎಡಗಣ್ಣು ದಿಂಬಿನಲ್ಲಿ ಹುದುಗಿ, ಬಲಗಣ್ಣೊಂದೇ ತೆರೆದು ನನ್ನನ್ನು ನೋಡುತ್ತಿತ್ತು.

"ಮೂಗುಬೊಟ್ಟು ಯಾಕೆ ಬಿಚ್ಚಿಟ್ಟೆ?" ಎಂದರು.

ಏಳು ಹರಳಿನ ಆ ಮೂಗುಬೊಟ್ಟು ನನ್ನ ಸ್ವಂತ ದುಡಿಮೆಯದು. ಚೀಲ ಹೊತ್ತು ಮಾರಿದ ಮೊದಲ ವರ್ಷದ ಲಾಭದಲ್ಲಿ, ಯಶವಂತಪುರದಲ್ಲಿ, ಮಜೂರಿ ಬಿಡಿಸಿಕೊಂಡು ತೆಗೆದುಕೊಂಡದ್ದು. ಸ್ನಾನಕ್ಕೂ ತೆಗೆಯುವುದಿಲ್ಲ. ಕೈಯಿಟ್ಟು ನೋಡಿಕೊಂಡೆ, ಇತ್ತು.

"ಇಲ್ಲೇ ಇದೆಯಲ್ಲ ರೀ. ನಿದ್ದೆ ಬಿಟ್ಟಿಲ್ವಾ?"

ಅವರು ಎದ್ದು ಕುಳಿತರು. ಎರಡೂ ಕಣ್ಣಲ್ಲಿ ನೋಡಿ, "ಹೂಂ, ಐತೆ" ಎಂದರು. ಟೀಗೆ ಕೈ ಚಾಚಿದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕೈ ಚಾಚಿದ ಮನುಷ್ಯ ಟೀ ನೋಡದೆ ನನ್ನ ಮೂಗನ್ನೇ ನೋಡುತ್ತಿದ್ದರು. ಗಿರಾಕಿ ಬೇಡ ಎಂದು ಹೇಳಿ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದೇ ಇದ್ದರೆ ಅವರ ಮನಸ್ಸಿನಲ್ಲಿ ಏನೋ ಇದೆ ಎಂದು ನನಗೆ ತಿಳಿಯುತ್ತದೆ. ಲೋಟ ಪಕ್ಕಕ್ಕಿಟ್ಟು ನನ್ನ ಅಂಗೈಯಿಂದ ಅವರ ಎಡಗಣ್ಣು ಮುಚ್ಚಿದೆ.

"ಈಗ ಹೇಳಿ. ಏನ್ ಕಾಣ್ತಿದೆ?"

"ಕಿವಿ ಕಾಣ್ತೈತೆ. ಓಲೆ ಕಾಣ್ತೈತೆ. ಸೆರಗು ಕಾಣ್ತೈತೆ. ನಡುವ್ಕೆ ನೀನಿಲ್ಲ ಕಣೇ."

ನೋವಿತ್ತಾ ಎಂದು ಕೇಳಿದೆ. ಒಂದಿಷ್ಟೂ ಇಲ್ಲವಂತೆ. ನಿನ್ನೆ ಸಂಜೆಯಿಂದ ನಡುವೆ ಒಂದು ಹಳದಿ ಮಚ್ಚೆ ತೇಲುತ್ತಿತ್ತು, ಬಿಸಿಲಿಗೆ ಹಾಗಾಗಿದೆ, ಮಲಗಿದರೆ ಹೋಗುತ್ತದೆ ಎಂದುಕೊಂಡರಂತೆ. ಹೇಳಿದ್ದರೆ ನಾನು ಕನ್ನಡಿ ತೆಗೆಸುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ನಾನು ಬೈಯಲಿಲ್ಲ. ಬೈಯುವುದಕ್ಕೆ ಬಾಯಿ ತೆರೆದೆ, ಅವರ ಕೈ ನನ್ನ ಕೆನ್ನೆಯ ಮೇಲೆ ಬಂದು ಮೂಗಿನ ಕಡೆಗೆ ತಡವಿತು. ಇದ್ದೇನೋ ಇಲ್ಲವೋ ಎಂದು ನೋಡುವಂತೆ.

ಹೆಬ್ಬಾಳದ ಕಡೆ ಒಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಹನಿ ಹಾಕಿ ಪಾಪೆ ದೊಡ್ಡದು ಮಾಡಿದರು. ಆಮೇಲೆ ಕಣ್ಣಿನ ಒಳಪದರದ ಸ್ಕ್ಯಾನ್ ಆಗಬೇಕು, ಕೌಂಟರಿನಲ್ಲಿ ದುಡ್ಡು ಕಟ್ಟಿ ಬನ್ನಿ ಎಂದರು.

"ಕೆಟ್ಟಿರೋದು ಒಂದೇ ಕಣ್ಣಮ್ಮ. ಒಂದಕ್ಕೆ ಮಾತ್ರ ತಗೊಳ್ಳಿ," ಎಂದೆ ಕೌಂಟರಿನ ಹುಡುಗಿಗೆ.

"ಎರಡೂ ಕಣ್ಣಿಗೆ ಸೇರಿ ಒಂದೇ ರೇಟ್ ಆಂಟಿ."

"ನಾನು ಬ್ಲೌಸ್ ಪೀಸ್ ಮಾರೋವಾಗ ಜೊತೆಗೆ ಲೈನಿಂಗ್ ತಗೊಳ್ಳೇಬೇಕು ಅಂತೀನಾ?"

ಹುಡುಗಿ ನಕ್ಕಳು, ರೇಟು ನಗಲಿಲ್ಲ. "ಚೆನ್ನಾಗಿರೋ ಕಣ್ಣು ಪಕ್ಕದಲ್ಲಿದ್ರೇನೇ ಆಂಟಿ ಕೆಟ್ಟಿದ್ದು ಎಷ್ಟು ಅಂತ ಗೊತ್ತಾಗೋದು." ಈ ಮಾತು ನನಗೆ ಒಪ್ಪಿಗೆಯಾಯಿತು. ಸೀರೆ ತಾರದೆ ಬ್ಲೌಸ್ ಬಣ್ಣ ಕೇಳುವವರಿಗೆ ನಾನೂ ಇದನ್ನೇ ಹೇಳುತ್ತೇನೆ. ಪೂರ್ತಿ ಕಟ್ಟಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಕಣ್ಣಿನ ಹಿಂಗೋಡೆಯ ಪದರಗಳು ಅಡ್ಡಡ್ಡವಾಗಿ, ಸೀರೆಯ ಅಂಚಿನ ಪಟ್ಟೆಗಳ ಹಾಗೆ ಒಂದರ ಮೇಲೊಂದು ಹರಿದಿದ್ದವು. ಎಡಗಣ್ಣಿನ ಪಟ್ಟೆಗಳು ಇಡಿಯಾಗಿದ್ದವು. ಬಲಗಣ್ಣಿನಲ್ಲಿ, ನಡುವೆ ತಗ್ಗಾಗಿರುವ ಕಡೆ, ಒಂದು ಸಣ್ಣ ಬಿಳಿಯ ಎಳೆ ತುಂಡಾಗಿತ್ತು. ಇಷ್ಟೇ ಇಷ್ಟು. ಅಂಗಡಿಯಲ್ಲಾದರೆ ಇಂಥ ಸೀರೆಯನ್ನು ಯಾರೂ ವಾಪಸ್ಸು ತರುವುದಿಲ್ಲ.

"ಇಷ್ಟಕ್ಕೇನಾ ನಾನು ಕಾಣ್ದಂಗಾಗಿದ್ದು?" ಎಂದೆ.

"ಇಷ್ಟು ಜಾಗದಲ್ಲೇ ಅಮ್ಮಾ ನಾವು ಓದೋದು, ಮುಖ ಗುರುತು ಹಿಡಿಯೋದು," ಎಂದರು.

ನನಗೆ ತಿಳಿಯುವಂತೆ ಬಿಡಿಸಿ ಹೇಳಿದರು. ಬೆಳಕನ್ನು ಹಿಡಿಯುವ ಜೀವಕೋಶಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಒಂದೊಂದರ ತುದಿಯಲ್ಲೂ ಬಲು ಸಣ್ಣ ಬಿಲ್ಲೆಗಳು, ಡಬ್ಬಿಯಲ್ಲಿ ಬಳೆ ಜೋಡಿಸಿದಂತೆ ಒಂದರ ಮೇಲೊಂದು ಕೂತಿರುತ್ತವೆ. ಬೆಳಕು ಬೀಳುವುದು ಆ ಬಿಲ್ಲೆಗಳ ಮೇಲೆ. ಸಾಮಾನ್ಯ ದಿನಗಳಲ್ಲೂ ಅವು ಸವೆಯುತ್ತವೆ. ಹಳೆಯವು ತುದಿಯಿಂದ ಉದುರುತ್ತವೆ, ಬುಡದಿಂದ ಹೊಸವು ಹುಟ್ಟಿ ಮೇಲಕ್ಕೆ ತಳ್ಳುತ್ತವೆ. ಹಿಂದಿರುವ ಇನ್ನೊಂದು ಪದರದ ಕೋಶಗಳು ಉದುರಿದ್ದನ್ನೆಲ್ಲ ನುಂಗಿ ಸ್ವಚ್ಛ ಮಾಡುತ್ತವೆ, ಮುಂದಿನವುಗಳಿಗೆ ಬೇಕಾದದ್ದನ್ನೂ ಒದಗಿಸುತ್ತವೆ. ನಾವು ಹುಟ್ಟಿದಾಗಿನಿಂದ ಈ ಕೆಲಸ ನಡೆದೇ ಇದೆ. ಸೂರ್ಯನಂಥ ಬೆಳಕು ಒಂದೇ ಕಡೆ ಬಿದ್ದಾಗ ಅಲ್ಲಿ ವಿಷದಂಥ ವಸ್ತುಗಳು ಹುಟ್ಟಿಕೊಂಡು ಬಿಲ್ಲೆಗಳು ಹಾಳಾಗುತ್ತವೆ, ಹಿಂದಿನ ಪದರಕ್ಕೂ ಪೆಟ್ಟು ಬೀಳುತ್ತದೆ. ಬೆಂಕಿ ತಾಗಿದ ಹಾಗಲ್ಲ, ಔಷಧಿ ಹೆಚ್ಚಾಗಿ ಗಿಡ ಬಾಡಿದ ಹಾಗೆ. ಆ ಪದರಕ್ಕೆ ನೋವು ತಿಳಿಸುವ ನರಗಳಿಲ್ಲ. ಅದಕ್ಕೇ ಯಜಮಾನರಿಗೆ ಏನೂ ಗೊತ್ತಾಗಲಿಲ್ಲ.

"ನೀರಾಗೆ ನೋಡಿದ್ರೆ ಏನೂ ಆಗ್ತಿರ್ಲಿಲ್ವಲ್ಲ ಮೇಡಂ," ಎಂದರು ಯಜಮಾನರು, ಇನ್ನೂ ತಮ್ಮ ಅಜ್ಜಿಯ ಪರವಾಗಿ.

"ನೀರು ಬೆಳಕನ್ನ ಬಹುಪಾಲು ಒಳಗೆ ಬಿಟ್ಟುಕೊಂಡು ಸ್ವಲ್ಪ ಮಾತ್ರ ವಾಪಸ್ ಕೊಡುತ್ತೆ ಯಜಮಾನ್ರೇ. ಅದೂ ಒಳ್ಳೇದಲ್ಲ, ನೋಡ್ಬೇಡಿ. ಆದ್ರೆ ಕನ್ನಡಿ ಬಂದದ್ದನ್ನೆಲ್ಲ ಹಾಗೇ ವಾಪಸ್ ಕೊಡುತ್ತೆ. ನೀವು ಸೂರ್ಯನ್ನೇ ನೋಡಿದ್ದೀರಿ."

ಅವರು ತಲೆ ತಗ್ಗಿಸಿದರು. ಸತ್ತ ಸೂರ್ಯ ಎಂದು ಅವರು ಅಂದದ್ದು ನನ್ನ ಕಿವಿಯಲ್ಲೇ ಇತ್ತು, ನಾನು ಅದನ್ನು ಎತ್ತಲಿಲ್ಲ.

ಈಗ ನನ್ನ ಸರದಿ. ಕುರ್ಚಿ ಮುಂದಕ್ಕೆ ಎಳೆದುಕೊಂಡೆ. "ಸರಿ ಮೇಡಂ. ಆಪರೇಷನ್ನಾ, ಇಂಜೆಕ್ಷನ್ನಾ? ಎಷ್ಟಾಗುತ್ತೆ ಹೇಳಿ. ನಾನು ಹೇಗಾದ್ರೂ ಹೊಂದಿಸ್ತೀನಿ, ನೀವು ಸ್ವಲ್ಪ ನೋಡಿ ಮಾಡಿ."

"ಏನೂ ಇಲ್ಲಮ್ಮ."

"ಏನೂ ಇಲ್ಲ ಅಂದ್ರೆ? ಕೈಬಿಟ್ರಾ?"

"ಇಲ್ಲ. ಇದನ್ನ ವಾಸಿ ಮಾಡುತ್ತೆ ಅಂತ ಧೈರ್ಯವಾಗಿ ಬರೆದುಕೊಡೋ ಔಷಧಿ ನಮ್ಮ ಹತ್ರ ಇಲ್ಲ. ಕಣ್ಣೇ ತನ್ನ ಕೆಲಸ ಮಾಡ್ಕೊಳ್ಳುತ್ತೆ. ಬಿಲ್ಲೆಗಳು ಮಾತ್ರ ಹಾಳಾಗಿ ಕೋಶ ಬದುಕಿದ್ರೆ, ಅದು ಮತ್ತೆ ಹೊಸದು ಕಟ್ಟಿಕೊಳ್ಳುತ್ತೆ. ವಾರಗಳು, ತಿಂಗಳುಗಳು ಹಿಡೀಬಹುದು. ಕೋಶವೇ ಸತ್ತಿದ್ರೆ ಅದು ವಾಪಸ್ ಬರಲ್ಲ. ಪಕ್ಕದವು ಸರಿದು ಜಾಗ ಮುಚ್ಚುತ್ತವೆ. ತೇಪೆ ಹಾಕಿದ ಹಾಗೆ. ತೇಪೆಗೆ ಕಾಣಲ್ಲ."

"ಬದುಕಿರೋವು ಎಷ್ಟು, ಸತ್ತಿರೋವು ಎಷ್ಟು?"

"ಇವತ್ತು ಹೇಳೋಕೆ ಆಗಲ್ಲ."

ವ್ಯಾಪಾರ ಶುರು ಮಾಡಿದ ಮೇಲೆ ನಾನು ಬೆಲೆ ಕೇಳಿ, ಬೆಲೆಯೇ ಇಲ್ಲ ಎಂದು ಹೇಳಿಸಿಕೊಂಡದ್ದು ಅದೇ ಮೊದಲು. ಎದುರು ಕೂತವರು ಒಂದು ಬೆಲೆ ಹೇಳಿದರೆ ತಾನೇ ನಾನು ಅರ್ಧ ಹೇಳುವುದು? ಚೀಲದಲ್ಲಿ ದುಡ್ಡಿತ್ತು, ಬಾಯಲ್ಲಿ ಮಾತಿತ್ತು, ಎರಡನ್ನೂ ಹಾಗೇ ವಾಪಸ್ಸು ತಂದೆ. ಡಾಕ್ಟರು ಕೊಟ್ಟದ್ದು ಎರಡು ಆಜ್ಞೆ. ಬಿಸಿಲಿಗೆ ಹೋದರೆ ಟೋಪಿ ಮತ್ತು ಕಪ್ಪು ಕನ್ನಡಕ, ಆದರೆ ಕನ್ನಡಕ ಇದೆ ಎಂದು ಮತ್ತೆ ಸೂರ್ಯನನ್ನು ನೋಡುವ ಹಾಗಿಲ್ಲ. ಎರಡನೆಯದು, ಯಜಮಾನರು ಸೇದುವ ಬೀಡಿ ಬಿಡಬೇಕು.

"ದಿನಕ್ಕೆ ಎರಡು?" ಎಂದರು ಯಜಮಾನರು.

"ಒಂದೂ ಇಲ್ಲ."

"ಊಟ ಆದ್ಮೇಲೆ ಅರ್ಧ?"

ನನ್ನ ಜೊತೆ ಇಷ್ಟು ವರ್ಷ ಇದ್ದದ್ದಕ್ಕೆ ಅಷ್ಟಾದರೂ ಕಲಿತಿದ್ದರು. ಡಾಕ್ಟರೂ ನಕ್ಕುಬಿಟ್ಟರು. ಕೊನೆಗೆ ಚೌಕಳಿ ಗೆರೆಗಳಿದ್ದ ಒಂದು ಕಾಗದ ಕೊಟ್ಟು, ದಿನಾ ಎಡಗಣ್ಣು ಮುಚ್ಚಿ ಇದರ ನಡುವಿನ ಚುಕ್ಕೆ ನೋಡಿ, ಗೆರೆ ಬಾಗಿ ಕಾಣುತ್ತಾ, ಎಲ್ಲಿ ಮಾಯವಾಗುತ್ತೆ ಗಮನಿಸಿ ಎಂದರು. ಜೂನ್ ಬರುವ ತನಕ ವ್ಯಾನ್ ಮುಟ್ಟುವ ಹಾಗಿಲ್ಲ, ಶಾಲೆ ತೆರೆಯುವ ಮೊದಲು ಬನ್ನಿ, ಆಗ ನೋಡಿ ಹೇಳುತ್ತೇನೆ ಎಂದರು.

ನಾವು ಮನೆ ತಲುಪುವಷ್ಟರಲ್ಲಿ ಭಾಯ್ ಮೆಟ್ಟಿಲ ಮೇಲೆ ಕಾದು ಕುಳಿತಿದ್ದರು. ಕೈಯಲ್ಲಿ ಸುತ್ತಿಗೆ.

"ಒಡೆದು ಹಾಕ್ಬಿಡ್ತೀನಿ ಅಮ್ಮಾ ಅದನ್ನ. ನಂದೇ ತಪ್ಪು ಐತೆ. ಆ ಸಲೂನ್ ಹಾಳಾಗೋದಲ್ದೆ ನಮ್ ಕಣ್ಣೂ ತೆಗೀತು."

ನಮ್ ಕಣ್ಣು ಎಂದರು. ಅದು ನನಗೆ ಎಲ್ಲೋ ತಾಗಿತು. ಆದರೂ ನಾನು ನಾನೇ. "ಸುತ್ತಿಗೆ ಕೆಳಗಿಡಿ ಭಾಯ್. ಅಷ್ಟು ದೊಡ್ಡ ಗ್ಲಾಸು, ಪಾದರಸ ಒಂದು ಕಡೇನೂ ಹೋಗಿಲ್ಲ. ಒಡೀತಾರಂತೆ! ಅಂಗಡಿಗೆ ಇಳಿಸಿ ಕೊಡಿ."

ಅವತ್ತೇ ಇಳಿಸಿದೆವು. ಈಗಲೂ ನನ್ನ ಅಂಗಡಿಯ ಒಳಗೋಡೆಗೆ ಆ ಕನ್ನಡಿ ಇದೆ. ಹೆಂಗಸರು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ತಮ್ಮನ್ನು ನೋಡಿಕೊಳ್ಳುತ್ತಾರೆ. ಬಿಸಿಲು ತಲುಪದ ಜಾಗ.

ಡಾಕ್ಟರ ಕಾಗದದ ಮೇಲೆ ಎರಡೇ ದಿನದಲ್ಲಿ ಟೀ ಚೆಲ್ಲಿತು. ನಾನು ಅಂಗಡಿಯಿಂದ ಕಪ್ಪುಬಿಳಿ ಸಣ್ಣ ಚೌಕಳಿಯ ಬಟ್ಟೆ ಒಂದು ಮೀಟರ್ ಕತ್ತರಿಸಿ, ನಡುವೆ ಒಂದು ಕೆಂಪು ಗುಂಡಿ ಹೊಲಿದು, ಕನ್ನಡಿಯ ಎದುರಿನ ಗೋಡೆಗೆ ತೂಗುಹಾಕಿದೆ. ಮನೆಯಲ್ಲಿ ಕೂತರೆ ಕೊರಗುತ್ತಾರೆಂದು ಯಜಮಾನರನ್ನು ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲು ತೆರೆದು ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಅವರು ಎಡಗಣ್ಣಿನ ಮೇಲೆ ಕೈಯಿಟ್ಟು ಬಟ್ಟೆಯ ಮುಂದೆ ನಿಲ್ಲುವರು.

"ಗುಂಡಿ ಕಾಣ್ತಾ?"

"ಇಲ್ಲ."

"ಗೆರೆ?"

"ನಡುವ್ಕೆ ಯಾರೋ ಬಟ್ಟೆನ ಚಿವುಟಿ ಎಳೆದಂಗೆ ಐತೆ."

ಮೊದಲ ದಿನಗಳಲ್ಲಿ ಈ ಮಾತಿನಲ್ಲಿ ಬದಲಾವಣೆಯೇ ಇರಲಿಲ್ಲ. ಎರಡೂ ಕಣ್ಣು ತೆರೆದಾಗ ಎಡಗಣ್ಣು ಎಲ್ಲವನ್ನೂ ತುಂಬಿಕೊಡುತ್ತಿತ್ತು, ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ಗೊತ್ತಾಗುತ್ತಿತ್ತು. ತಾರಸಿಗೆ ಹೋಗುವುದನ್ನೇ ಬಿಟ್ಟರು. ಹಕ್ಕಿಗಳಿಗೆ ಕಾಳು ಹಾಕುವುದು, ಬಿಡುವುದು, ಗೂಡಿಗೆ ಕೂಡುವುದು ಎಲ್ಲ ಭಾಯ್ ಒಬ್ಬರೇ. ಸಂಜೆ ನಾವು ಬಾಗಿಲೆಳೆಯುವ ಹೊತ್ತಿಗೆ ಅಂಗಡಿಯ ಮುಂದೆ ಬಂದು ಸ್ಟೂಲಿನ ಮೇಲೆ ಕೂತು ವರದಿ ಒಪ್ಪಿಸುತ್ತಿದ್ದರು.

"ಏನ್ ಸಮಾಚಾರ ಭಾಯ್?"

"ಕರಿಬಾಲ ಇವತ್ತು ಹೆಬ್ಬಾಳ ಕೆರೆ ಕಡೆ ಹೋಯ್ತು. ಅಲ್ಲಿ ಹದ್ದು ಐತೆ. ನಮ್ದು ಬುದ್ಧಿವಂತ, ಕೆಳಗೆ ಬರ್ಲೇ ಇಲ್ಲ. ರೈಲ್ವೆ ಲೈನ್ ಮೇಲೆ ಒಂದು ರೌಂಡ್, ಆಮೇಲೆ ಹಿಂಗೆ..." ಎಂದು ಕೈಯಿಂದ ಗಾಳಿಯಲ್ಲಿ ಬರೆದು ತೋರಿಸುವರು. ಯಜಮಾನರು ಕಣ್ಣು ಮುಚ್ಚಿಕೊಂಡು ಕೇಳುವರು. ಒಂದು ದಿನ ನಾನು ಭಾಯ್ ಅವರನ್ನು ಪಕ್ಕಕ್ಕೆ ಕರೆದು, ನೀರಿನ ಟಬ್ಬಿಲ್ಲ, ಕನ್ನಡಿಯಿಲ್ಲ, ನಿಮಗೆ ಕತ್ತು ನೋವು ಬೇರೆ, ಇಷ್ಟೆಲ್ಲ ಹೇಗೆ ನೋಡ್ತೀರಿ ಎಂದು ಕೇಳಿದೆ. ಅವರು ಮೆಲ್ಲಗೆ, "ಅರ್ಧ ನೋಡ್ತೀನಿ ಅಮ್ಮಾ, ಅರ್ಧ ಸೇರಿಸ್ತೀನಿ" ಎಂದರು.

ಕಣ್ಣಿಗೆ ಏನು ಮಾಡಬೇಕೆಂದು ಹೇಳದವರೇ ಇಲ್ಲ. ನಂದಿಬಟ್ಟಲ ಹೂ ಇಡು, ಎದೆಹಾಲು ಹಾಕು, ಜೇನುತುಪ್ಪ ಬಿಡು. ಹೂವನ್ನು ಮಾತ್ರ ಒಪ್ಪಿದೆ. ಮುಚ್ಚಿದ ರೆಪ್ಪೆಯ ಮೇಲೆ ತಣ್ಣಗೆ ಇರುತ್ತದೆ, ಇಡುವಾಗ ಅವರ ಹಣೆ ಮುಟ್ಟಿದಂತೆಯೂ ಆಗುತ್ತದೆ. ಕಣ್ಣಿನೊಳಕ್ಕೆ ಏನನ್ನೂ ಬಿಡಲಿಲ್ಲ.

ಒಮ್ಮೆ ಮಾತ್ರ ಜಾರುವುದರಲ್ಲಿದ್ದೆ. ಗೆರೆ ನೆಟ್ಟಗಾಗುವ ಲಕ್ಷಣವೇ ಕಾಣದೆ ಬೇಸತ್ತಿದ್ದ ಸಮಯ. ಯಶವಂತಪುರದ ಮಾರ್ಕೆಟಿನ ಹಿಂದೆ ಒಬ್ಬ, ಕಣ್ಣಿನ ನರಕ್ಕೆ ಬಲ ಕೊಡುವ ಎಣ್ಣೆ ಕೊಡುತ್ತಾನೆಂದು ಯಾರೋ ಹೇಳಿದರು. ಯಜಮಾನರಿಗೆ ಹೇಳದೆ ಹೋದೆ. ಸಣ್ಣ ಬಾಟಲಿ. ಬೆಲೆ ಹೇಳಿದ. ನಾನು ಸುಮ್ಮನೆ ಬಾಟಲಿ ಹಿಡಿದು ನಿಂತಿದ್ದೆ. ಜೀವಮಾನದಲ್ಲಿ ಮೊದಲ ಸಲ ನನಗೆ ಚೌಕಾಸಿ ಮಾಡಲು ಮನಸ್ಸಿರಲಿಲ್ಲ. ಹೇಳಿದಷ್ಟನ್ನೂ ಕೊಟ್ಟರೆ ಬೇಗ ಗುಣವಾದೀತು ಎಂಬ ಹುಚ್ಚು. ನನ್ನ ಮೌನಕ್ಕೆ ಹೆದರಿ ಅವನೇ, "ನಿಮಗಂತ ಅರ್ಧಕ್ಕೆ ಕೊಡ್ತೀನಿ ಅಕ್ಕ" ಎಂದ. ತಕ್ಷಣ ನನ್ನ ತಲೆ ಸರಿಯಾಯಿತು. ಕೇಳದೆ ಬೆಲೆ ಇಳಿಸುವವನ ಮಾಲು ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಟಲಿ ಇಟ್ಟು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತು, ಏನೂ ಇಲ್ಲಮ್ಮ ಎಂದು ನೇರವಾಗಿ ಹೇಳಿ ಒಂದು ಚೀಟಿಯನ್ನೂ ಬರೆಯದ ಆ ಡಾಕ್ಟರನ್ನು ನೆನೆಸಿಕೊಂಡೆ.

ಅದಾದ ಮೇಲೆ ಒಂದು ಬೆಳಿಗ್ಗೆ ಯಜಮಾನರು ಬಟ್ಟೆಯ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತರು.

"ಚಿವುಟಿದ್ನ ಬುಟ್ಟವ್ರೆ ಕಣೇ," ಎಂದರು.

"ಯಾರು?"

"ಯಾರೋ. ಗೆರೆ ನೆಟ್ಟಗೈತೆ. ಗುಂಡಿ ಅಂಚು ಕೆಂಪ್ಗೆ ಕಾಣ್ತೈತೆ. ನಡು ಇಲ್ಲ, ಅಂಚೈತೆ."

ನಾನು ದಾರದ ಉಂಡೆಗಳನ್ನು ಜೋಡಿಸುತ್ತಿದ್ದವಳು ಅಲ್ಲೇ ಕುಳಿತುಬಿಟ್ಟೆ. ಗಂಡನ ಕಣ್ಣಿನೊಳಗೆ, ನಾವು ತಿನ್ನುವಾಗ, ಮಲಗಿದಾಗ, ಜಗಳವಾಡುವಾಗ, ಹಳೆಯ ಬಿಲ್ಲೆ ಉದುರಿಸಿ ಹೊಸದು ಕಟ್ಟುತ್ತ, ಉದುರಿದ್ದನ್ನು ಗುಡಿಸುತ್ತ, ಅಷ್ಟೊಂದು ಜೀವಗಳು ಕೂಲಿ ಕೇಳದೆ, ಎಳೆಗೆ ಎಳೆ ಕೂಡಿಸಿ ರಫೂ ಮಾಡುತ್ತಿದ್ದವು. ನಾನು ಯಾರೊಂದಿಗೂ ಮಾತಾಡಿ ಹೊಂದಿಸಿದ ಕೆಲಸವಲ್ಲ. ಒಂದು ಪೈಸೆ ಮುಂಗಡ ಕೊಟ್ಟಿರಲಿಲ್ಲ.

ಶಾಲೆ ತೆರೆಯುವ ಮೊದಲು ಮತ್ತೆ ಹೆಬ್ಬಾಳಕ್ಕೆ ಹೋದೆವು. ಮತ್ತೆ ಎರಡೂ ಕಣ್ಣಿನ ದುಡ್ಡು, ಈ ಸಲ ಮಾತಿಲ್ಲದೆ ಕಟ್ಟಿದೆ. ಚಿತ್ರದಲ್ಲಿ ತುಂಡಾಗಿದ್ದ ಎಳೆ ಎರಡೂ ಕಡೆಯಿಂದ ಬಂದು ಹೆಚ್ಚುಕಡಿಮೆ ಸೇರಿತ್ತು. ನಡುವೆ ಒಂದು ಸೂಜಿಮೊನೆಯಷ್ಟು ಬಿಟ್ಟ ಜಾಗ.

"ತುಂಬಾ ಚೆನ್ನಾಗಿ ಬಂದಿದೆ," ಎಂದರು ಡಾಕ್ಟರು. "ಇಷ್ಟು ಮಾತ್ರ ಉಳೀಬಹುದು. ತುಂಬಿಕೊಂಡ್ರೂ ಕೊಳ್ಳಬಹುದು, ನಾನು ಮಾತು ಕೊಡಲ್ಲ. ಗಾಡಿ ಓಡಿಸೋಕೆ ತೊಂದರೆ ಇಲ್ಲ." ಅಕ್ಷರಗಳ ಬೋರ್ಡನ್ನು ಒಂದೊಂದೇ ಕಣ್ಣಲ್ಲಿ, ಆಮೇಲೆ ಎರಡರಲ್ಲೂ ಓದಿಸಿಯೇ ಹಾಗೆ ಹೇಳಿದ್ದು. ಆದರೂ ಮಕ್ಕಳನ್ನು ಕೂರಿಸುವ ಗಾಡಿ. ಮೊದಲ ವಾರ ಪೂರ್ತಿ ನಾನೇ ಮುಂದಿನ ಸೀಟಿನಲ್ಲಿ ಕೂತು ಹೋದೆ, ಅಂಗಡಿ ತಡವಾಗಿ ತೆರೆದೆ. "ಇದ್ಯಾರು ಹೊಸ ಟೀಚರ್ರಾ ಅಂಕಲ್?" ಎಂದು ಮಕ್ಕಳು ಕೇಳಿದರೆ ಅವರು, "ಇನ್ಸ್‌ಪೆಕ್ಟ್ರು, ಸುಮ್ಕಿರಿ" ಎನ್ನುತ್ತಿದ್ದರು.

ತಾರಸಿಗೂ ಹೋಗುತ್ತಾರೆ. ನಾನು ತಡೆದಿಲ್ಲ. ಹಕ್ಕಿ ಸೂರ್ಯನ ಕಡೆ ಹೋದರೆ ಇಬ್ಬರೂ ಬೆನ್ನು ತಿರುಗಿಸಿ ಕುಳಿತು ಬೇರೆ ಮಾತಾಡಬೇಕು ಎನ್ನುವುದು ನನ್ನ ಷರತ್ತು. ಔಟ್ ಆದರೆ ಆಗಲಿ. ಈ ಬೇಸಿಗೆಯ ಪಂದ್ಯದಲ್ಲಿ ಹಾಗೇ ಔಟ್ ಆದರು. ಕರಿಬಾಲ ಆರಾಮಾಗಿ ಸಂಜೆ ಇಳಿದು ಕಾಳು ತಿಂದಿತು.

ಮೊನ್ನೆ ಬೆಳಿಗ್ಗೆ ಟೀ ತಂದಾಗ ಅವರು ಅದೇ ಎಡಮಗ್ಗುಲಾಗಿ ಮಲಗಿದ್ದರು. ಬಲಗಣ್ಣು ತೆರೆದಿತ್ತು. ಆ ಕಣ್ಣು ನನ್ನ ಮೂಗನ್ನು ನೋಡದೆ ಸ್ವಲ್ಪ ಪಕ್ಕಕ್ಕೆ, ನನ್ನ ಓಲೆಯ ಮೇಲೆ ನಿಂತಿತ್ತು.

"ಓಲೆ ಏನ್ ನೋಡ್ತೀರಿ? ಹಳೇದೇ."

"ಓಲೆ ಯಾರು ನೋಡ್ತಾರೆ? ನೆಟ್ಟಗೆ ನೋಡಿದ್ರೆ ನಿನ್ ಮೂಗುಬೊಟ್ಟು ಆ ಚುಕ್ಕೆಲಿ ಮುಳುಗೋಯ್ತದೆ. ಒಸಿ ಈಚೆ ನೋಡಿದ್ರೆ ಬರ್ತೈತೆ. ಏಳು ಹರಳೂ ಅವೆ."

ಟೀ ಆರಿತು. ನಾನು ಏಳಲಿಲ್ಲ.

ನಿಮಗೆ ನಾನು ಹೇಳುವುದು ಇಷ್ಟು. ಸೂರ್ಯನನ್ನು ಕನ್ನಡಿಯಲ್ಲಿ ನೋಡಿದರೂ, ಸ್ಟೀಲ್ ತಟ್ಟೆಯಲ್ಲಿ ನೋಡಿದರೂ, ಎದುರು ಕಟ್ಟಡದ ಗಾಜಿನಲ್ಲಿ ನೋಡಿದರೂ ಅದು ಸೂರ್ಯನೇ. ನಮ್ಮಜ್ಜಿ ನೋಡಿದ್ದರು ಎಂದು ನೀರಿನಲ್ಲೂ ಹುಡುಕಲು ಹೋಗಬೇಡಿ. ನೋವಾಗಲಿಲ್ಲವಲ್ಲ ಎಂಬ ಧೈರ್ಯ ಬೇಡ, ಅಲ್ಲಿ ನೋವು ಹೇಳುವವರು ಯಾರೂ ಇಲ್ಲ. ಒಂದು ಕಣ್ಣು ಕೆಟ್ಟರೆ ಇನ್ನೊಂದು ಕಣ್ಣು ಅದನ್ನು ಮುಚ್ಚಿಡುತ್ತದೆ, ಆದ್ದರಿಂದ ಒಂದು ಅಭ್ಯಾಸ ಮಾಡಿಕೊಳ್ಳಿ: ಬೆಳಿಗ್ಗೆ ಟೀ ಕುಡಿಯುವಾಗ ಎದುರಿಗೆ ಕೂತ ನಿಮ್ಮವರ ಮುಖವನ್ನು ಮೊದಲು ಒಂದು ಕಣ್ಣಲ್ಲಿ, ಆಮೇಲೆ ಇನ್ನೊಂದರಲ್ಲಿ ನೋಡಿ. ಹುಬ್ಬು, ಮೂಗು, ಮೀಸೆ, ಬೊಟ್ಟು ಎಲ್ಲ ಇದ್ದ ಜಾಗದಲ್ಲಿ ಇದೆಯೇ ಎಂದು ನೋಡಿ. ಒಂದು ಚೂರು ಕಾಣೆಯಾಗಿದ್ದರೂ ಅವತ್ತೇ ಡಾಕ್ಟರ ಹತ್ತಿರ ಹೊರಡಿ, ದಾರಿಯಲ್ಲಿ ಎಣ್ಣೆ ಮಾರುವವನ ಹತ್ತಿರ ನಿಲ್ಲಬೇಡಿ. ಸ್ಕ್ಯಾನಿಗೆ ಎರಡೂ ಕಣ್ಣಿನ ದುಡ್ಡು ಕೇಳುತ್ತಾರೆ. ನಾನೇ ಹೇಳುತ್ತಿದ್ದೇನೆ, ಚೌಕಾಸಿ ಮಾಡದೆ ಕೊಡಿ.